ಕ್ಯಾಮೆರಾ ಯಾರ ಕಣ್ಣಿಂದ ನೋಡುತ್ತದೆ?

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಸಿನಿಮಾ, ಸೀರಿಯಲ್, ಜಾಹೀರಾತುಗಳಲ್ಲಿ ಹೆಣ್ಣನ್ನು ಹೇಗೆ ತೋರಿಸುತ್ತಾರೆ ಅನ್ನುವ ಮಾತು ಬಂದಾಗಲೆಲ್ಲ ಚರ್ಚೆ ಅವಳ ಬಟ್ಟೆಗೆ ಹೋಗಿ ನಿಲ್ಲುತ್ತದೆ. ನನಗೆ ಅದು ತುಂಬಾ ಬೇಸರ ತರುತ್ತದೆ. ಮೈತುಂಬಾ ಬಟ್ಟೆ ಹಾಕಿಕೊಂಡ ಪಾತ್ರಕ್ಕೂ ಇಡೀ ಕಥೆಯಲ್ಲಿ ಅಳುವುದು, ಕಾಯುವುದು, ಕ್ಷಮಿಸುವುದು ಬಿಟ್ಟು ಬೇರೆ ಕೆಲಸ ಇಲ್ಲದಿರಬಹುದು. ನಾವು ಮೊದಲು ಕೇಳಬೇಕಾದ್ದು ಇಷ್ಟು: ನೋಡುತ್ತಿರುವವರು ಯಾರು?

1975ರಲ್ಲಿ ಲಾರಾ ಮಲ್ವಿ ಎಂಬ ಬ್ರಿಟಿಷ್ ಚಿಂತಕಿ 'ಸ್ಕ್ರೀನ್' ಪತ್ರಿಕೆಯಲ್ಲಿ ಬರೆದ ಲೇಖನ ಇದೇ ಪ್ರಶ್ನೆ ಎತ್ತಿತು. ಅವರು ಮುಂದಿಟ್ಟುಕೊಂಡದ್ದು ಹಾಲಿವುಡ್‌ನ ಹಳೆಯ ಸಿನಿಮಾಗಳನ್ನು. ಅಲ್ಲಿ ನಾಯಕ ನೋಡುತ್ತಾನೆ, ನಾಯಕಿಯನ್ನು ನೋಡಲಾಗುತ್ತದೆ. ಕ್ಯಾಮೆರಾ ಅವನ ಪಕ್ಕದಲ್ಲೇ ನಿಲ್ಲುತ್ತದೆ, ಹಾಗಾಗಿ ಕತ್ತಲಲ್ಲಿ ಕೂತ ನಾವೂ, ಗಂಡಸರಾಗಲಿ ಹೆಂಗಸರಾಗಲಿ, ಅವನ ಕಣ್ಣಿಂದಲೇ ಅವಳನ್ನು ನೋಡುತ್ತೇವೆ. ಇದನ್ನೇ ಪುರುಷ ನೋಟ ಅನ್ನುವುದು. ಮಲ್ವಿ ಗಮನಿಸಿದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ನಾಯಕ ಬಂದರೆ ಕಥೆ ಮುಂದೆ ಹೋಗುತ್ತದೆ, ನಾಯಕಿ ಬಂದರೆ ಸ್ವಲ್ಪ ಹೊತ್ತು ನಿಂತೇಬಿಡುತ್ತದೆ. ನೀವೇ ನೆನಪಿಸಿಕೊಳ್ಳಿ, ಅವನ ಮೊದಲ ದೃಶ್ಯದಲ್ಲಿ ಅವನು ಏನಾದರೊಂದು ಮಾಡುತ್ತಿರುತ್ತಾನೆ, ಹೊಡೆಯುತ್ತಾನೆ, ಓಡುತ್ತಾನೆ, ಯಾರನ್ನೋ ಕಾಪಾಡುತ್ತಾನೆ. ಅವಳ ಮೊದಲ ದೃಶ್ಯದಲ್ಲಿ ಪಾದ, ಸೊಂಟ, ತುಟಿ ಅಂತ ತುಂಡು ತುಂಡಾಗಿ ತೋರಿಸಿ ಕೊನೆಗೆ ಮುಖ ಬರುತ್ತದೆ. ಎಷ್ಟು ಸಲ ನೋಡಿದ್ದೇವೆ ಅಂದರೆ, ಅದು ಕಣ್ಣಿಗೆ ಬೀಳುವುದೇ ಇಲ್ಲ, ಅಲ್ವಾ?

ಆದರೆ ಈ ವಾದದಲ್ಲೂ ಒಂದು ಕೊರತೆ ಇತ್ತು. ಅದನ್ನು ಗಟ್ಟಿಯಾಗಿ ಹೇಳಿದವರು ಅಮೆರಿಕದ ಕಪ್ಪು ಸ್ತ್ರೀವಾದಿ ಲೇಖಕಿ ಬೆಲ್ ಹುಕ್ಸ್, 1992ರಲ್ಲಿ. ಅಮೆರಿಕದಲ್ಲಿ ಗುಲಾಮರಾಗಿದ್ದ ಕಪ್ಪು ಜನರಿಗೆ ಬಿಳಿಯರನ್ನು ದಿಟ್ಟಿಸಿ ನೋಡಿದ್ದಕ್ಕೇ ಶಿಕ್ಷೆ ಆಗುತ್ತಿತ್ತು. ಅಂಥ ಇತಿಹಾಸದಿಂದ ಬಂದ ಹೆಂಗಸರು ಸಿನಿಮಾ ನೋಡುವಾಗ ತೆರೆಯ ಮೇಲಿನ ಬಿಳಿ ನಾಯಕಿಯಲ್ಲಿ ತಮ್ಮನ್ನು ಕಾಣಲಿಲ್ಲ, ನೋಡುವ ನಾಯಕನಲ್ಲೂ ಕಾಣಲಿಲ್ಲ. ಹೊರಗೆ ನಿಂತು, ಪ್ರಶ್ನೆ ಮಾಡುತ್ತಲೇ ನೋಡಿದರು. ಅಂದರೆ ಎಲ್ಲ ಹೆಂಗಸರೂ ಒಂದೇ ಅಂದುಕೊಂಡು ಮಾತಾಡಿದರೆ ನಮ್ಮ ಸಿದ್ಧಾಂತವೇ ಹಲವರನ್ನು ಅಳಿಸಿಹಾಕುತ್ತದೆ. ನಾನು ಇದನ್ನು ಮಲ್ವಿಯ ಲೇಖನದಷ್ಟೇ ಗಂಭೀರವಾಗಿ ತಗೊಳ್ಳುತ್ತೇನೆ.

ಇನ್ನು ಲೆಕ್ಕದ ವಿಷಯ. ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಆಲಿಸನ್ ಬೆಕ್ಡೆಲ್ 1985ರಲ್ಲಿ ಒಂದು ಕಾಮಿಕ್ ಸ್ಟ್ರಿಪ್‌ನಲ್ಲಿ ತಂದ ಪರೀಕ್ಷೆ ನಿಮಗೆ ಗೊತ್ತಿರಬಹುದು: ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಒಬ್ಬರ ಜೊತೆ ಒಬ್ಬರು ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಆಗಿರಬಾರದು. ಇಷ್ಟು ಸಣ್ಣ ಷರತ್ತನ್ನೂ ದಾಟದ ಸಿನಿಮಾಗಳು ಬೇಕಾದಷ್ಟಿವೆ. ಸುದ್ದಿಯೂ ಹಾಗೇ. ಹಲವು ದೇಶಗಳ ಮಾಧ್ಯಮಗಳನ್ನು ಐದು ವರ್ಷಕ್ಕೊಮ್ಮೆ ಪರಿಶೀಲಿಸುವ ಒಂದು ಜಾಗತಿಕ ಯೋಜನೆಯ ಪ್ರಕಾರ, ಸುದ್ದಿಯಲ್ಲಿ ಕಾಣುವ ಜನರಲ್ಲಿ ಹೆಂಗಸರು 1995ರಲ್ಲಿ ಶೇಕಡಾ 17, 2020ರಲ್ಲಿ ಶೇಕಡಾ 25. ಇಪ್ಪತ್ತೈದು ವರ್ಷಕ್ಕೆ ಇಷ್ಟೇ! ಆದರೂ ಬರೀ ಎಣಿಸಿದರೆ ಸಾಲದು. ಇಬ್ಬರು ಹೆಂಗಸರು ಎರಡು ನಿಮಿಷ ಮಾತಾಡಿ ಪರೀಕ್ಷೆ ಪಾಸಾದ ಸಿನಿಮಾದಲ್ಲೂ ಕ್ಯಾಮೆರಾ ನಿಂತ ಜಾಗ ಬದಲಾಗಿರುವುದಿಲ್ಲ.

ಗಂಡಸರಿಗೂ ಇದರಿಂದ ನಷ್ಟವಿದೆ. ಅವಳು ಬೇಡ ಅಂದರೂ ಬೆನ್ನು ಬಿಡದೆ ಹಿಂದೆ ಬೀಳುವುದೇ ಪ್ರೀತಿ ಅಂತ ಹುಡುಗರು ಚಿಕ್ಕಂದಿನಿಂದ ನೋಡುತ್ತಾರೆ. ಕೋಪ ಬಿಟ್ಟು ಬೇರೆ ಭಾವನೆ ತೋರಿಸಿದ ನಾಯಕ ಅವರಿಗೆ ಸಿಗುವುದು ಕಡಿಮೆ.

'ಜನ ಕೇಳುವುದನ್ನೇ ನಾವು ಕೊಡುತ್ತೇವೆ' ಅಂತ ಸಿನಿಮಾ ಮಾಡುವವರು ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಟಿಕೆಟ್ ತಗೊಂಡವರಲ್ಲಿ ಹೆಂಗಸರೂ ಇದ್ದಾರೆ. ಹಾಗಾದರೆ 'ಜನ' ಅಂದಾಗ ಇವರ ಮನಸ್ಸಿನಲ್ಲಿ ಬರುವುದು ಯಾರ ಮುಖ?