ಜಿಮ್ಮಾ ಊರಿನ ಮಾಸ್ತರಕಿ

ಕೇಳುಗರೆ, ನಮಸ್ಕಾರ.

ಹುಬ್ಬಳ್ಳಿ, ಧಾರವಾಡ, ಗದಗಿನ ಕಾಲೇಜುಗಳಲ್ಲಿ ಪಾಠ ಹೇಳುವವರ ನಡುವೆ ಇಥಿಯೋಪಿಯಾದ ಮಾತು ಬಂದಾಗ ಮೊದಲು ಕೇಳಿಬರುವುದು ಅಲ್ಲಿಯ ಬಿಸಿಲನ್ನು ತಡೆಯಲಾದೀತೆ, ಊಟಕ್ಕೆ ಏನು ಮಾಡಬೇಕು ಎಂಬ ಚಿಂತೆ. ಆ ದೇಶದ ನೈರುತ್ಯ ಭಾಗದಲ್ಲಿರುವ ಜಿಮ್ಮಾದಲ್ಲಿ ಕೆಲವು ವರ್ಷ ಗಣಿತ ಕಲಿಸಿದ ನನಗೆ ಇವು ದೊಡ್ಡ ಚಿಂತೆಗಳಾಗಿ ಕಾಣಲಿಲ್ಲ. ಪರದೇಶದ ಶಿಕ್ಷಕನಾದವನು ಅಲ್ಲಿ ನಿಜವಾಗಿ ಅರಿತುಕೊಳ್ಳಬೇಕಾದದ್ದು ಅಲ್ಲಿಯ ಗಡಿಯಾರವನ್ನು. ಅದಕ್ಕಿಂತಲೂ ಹೆಚ್ಚಾಗಿ, ತರಗತಿಯ ಮೌನವನ್ನು.

ಬಿಸಿಲಿನ ಮಾತನ್ನು ಬೇಗ ಮುಗಿಸುತ್ತೇನೆ. ಇಥಿಯೋಪಿಯಾ ಉಷ್ಣವಲಯದ ದೇಶವೇ ಹೌದು, ಆದರೆ ಜನವಸತಿ ಹೆಚ್ಚಾಗಿರುವುದು ಪ್ರಸ್ಥಭೂಮಿಯಲ್ಲಿ. ಜಿಮ್ಮಾ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಅಂದರೆ ಧಾರವಾಡದ ಎರಡು ಪಟ್ಟಿಗೂ ಹೆಚ್ಚು. ಮೇ ತಿಂಗಳಲ್ಲಿ ಹುಬ್ಬಳ್ಳಿ ಕುದಿಯುತ್ತಿರುವಾಗ ನಾನು ಸ್ವೆಟರ್ ತೊಟ್ಟು ಬೆಳಗಿನ ಪಾಠಕ್ಕೆ ಹೋಗುತ್ತಿದ್ದೆ.

ಅಲ್ಲಿಯ ಜನ ಹೊತ್ತನ್ನು ಎಣಿಸುವುದು ಬೆಳಗಾದಲ್ಲಿಂದ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ, ನಮ್ಮ ಎಂಟು ಅವರಿಗೆ ಎರಡು. ಭೂಮಧ್ಯರೇಖೆಯ ಸಮೀಪದಲ್ಲಿ ಹಗಲಿನ ಅಳತೆ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಈ ಲೆಕ್ಕ ಅಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ವೇಳಾಪಟ್ಟಿಯಲ್ಲಿ ಎಂಟು ಗಂಟೆಯೆಂದು ಅಚ್ಚಾಗಿದ್ದರೂ ವಿದ್ಯಾರ್ಥಿಗಳು ತಮ್ಮೊಳಗೆ ಎರಡು ಗಂಟೆಯೆಂದೇ ಮಾತಾಡಿಕೊಳ್ಳುತ್ತಾರೆ. ಪರೀಕ್ಷೆಯ ಹೊತ್ತನ್ನು ತಿಳಿಸುವಾಗ ಬೋರ್ಡಿನ ಮೇಲೆ ಎರಡೂ ಲೆಕ್ಕಗಳನ್ನು ಬರೆಯುವುದು ನನಗೆ ರೂಢಿಯಾಯಿತು. ತಲಾ 30 ದಿನಗಳ ಹನ್ನೆರಡು ತಿಂಗಳು, ಕೊನೆಗೆ ಐದು ಅಥವಾ ಆರು ದಿನಗಳ ಹದಿಮೂರನೆಯ ತಿಂಗಳು, ಇದು ಅವರ ವರ್ಷ. ಇಸವಿಯೂ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ ಇರುವುದರಿಂದ ಅವರು 2000ನೆಯ ವರ್ಷವನ್ನು ಬರಮಾಡಿಕೊಂಡದ್ದು ನಮ್ಮ 2007ರ ಸೆಪ್ಟೆಂಬರ್ 12ರಂದು.

ಇನ್ನು ತರಗತಿಯ ಮೌನ. ಅಲ್ಲಿಯ ಮಕ್ಕಳು ಮೊದಲ ತರಗತಿಗಳನ್ನು ಓರೊಮೊ, ಅಮ್ಹಾರಿಕ್ ಮೊದಲಾದ ತಮ್ಮ ತಮ್ಮ ನುಡಿಗಳಲ್ಲಿ ಓದಿ, ಒಂಬತ್ತನೆಯ ತರಗತಿಯಿಂದ ಎಲ್ಲವನ್ನೂ ಇಂಗ್ಲಿಷಿನಲ್ಲಿ ಓದುತ್ತಾರೆ. ಹಾವೇರಿ, ಗದಗಿನ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಬಂದ ಮಕ್ಕಳ ಮುಖವನ್ನು ನೋಡಿದವರಿಗೆ ಆ ಕಷ್ಟವನ್ನು ವಿವರಿಸಬೇಕಾಗಿಲ್ಲ. ತಿಳಿಯಿತೇ ಎಂದು ಕೇಳಿದರೆ ಬಾಯಿಂದ ಮಾತು ಬಾರದು. ಉಸಿರನ್ನು ಒಮ್ಮೆ ಥಟ್ಟನೆ ಒಳಕ್ಕೆಳೆದುಕೊಂಡ ಸದ್ದಷ್ಟೇ ಕೇಳುತ್ತದೆ. ಹೊಸಬರಿಗೆ ಅದು ಬೆಚ್ಚಿಬಿದ್ದಂತೆ ತೋರಬಹುದಾದರೂ ಆ ನಾಡಿನಲ್ಲಿ ಹೌದೆನ್ನುವ ಬಗೆಯೇ ಅದು. ಅದು ತಿಳಿದು ಹೇಳಿದ ಹೌದೋ, ಗುರುವಿನ ಮೇಲಿನ ಗೌರವಕ್ಕಾಗಿ ಹೇಳಿದ ಹೌದೋ ಎಂಬುದನ್ನು ಕಂಡುಕೊಳ್ಳುವುದೇ ಶಿಕ್ಷಕನ ದಿನನಿತ್ಯದ ಕೆಲಸ. ಲೆಕ್ಕದ ಒಂದು ಹಂತವನ್ನೂ ಬಿಡದೆ ದುಂಡಗೆ ಬರೆಯುವುದು, ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆದು ಬಿಡಿಸಲು ಹೇಳುವುದು, ಇವೇ ನನಗೆ ಕೈಹಿಡಿದ ಉಪಾಯಗಳು.

ಆದರೂ ಮೌನ ನಿಜವಾಗಿ ಮುರಿಯುತ್ತಿದ್ದುದು ಕಾಫಿಯ ಹೊತ್ತಿನಲ್ಲಿ. ವಿದ್ಯಾರ್ಥಿಯೊಬ್ಬನ ಮನೆಗೆ ಕರೆ ಬಂದರೆ ಮಧ್ಯಾಹ್ನದ ಬಹುಪಾಲನ್ನು ಅದಕ್ಕೆಂದೇ ಮೀಸಲಿಡಬೇಕು. ನೆಲಕ್ಕೆ ಹಸಿ ಹುಲ್ಲು ಹಾಸಿರುತ್ತದೆ. ಮನೆಯ ಹೆಣ್ಣುಮಗಳು ಹಸಿರು ಬೀಜವನ್ನು ತೊಳೆದು, ಇದ್ದಿಲ ಒಲೆಯ ಮೇಲೆ ಹುರಿದು, ಹೊಗೆಯಾಡುವ ಆ ಬಾಣಲಿಯನ್ನು ಅತಿಥಿಗಳ ಮುಂದೆ ಒಂದು ಸುತ್ತು ತರುತ್ತಾಳೆ. ಬಳಿಕ ಒರಳಿನಲ್ಲಿ ಕುಟ್ಟಿ, ಉದ್ದ ಕತ್ತಿನ ಕರಿ ಮಣ್ಣಿನ ಕುಡಿಕೆಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಸುರಿಯುತ್ತಾಳೆ. ಜೊತೆಗೆ ಹುರಿದ ಜೋಳದರಳು. ಹೀಗೆ ಮೂರು ಸರದಿ ಕಾಫಿಯಾಗುವವರೆಗೆ ಯಾರೂ ಏಳುವುದಿಲ್ಲ. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗ ಎರಡನೆಯ ಸರದಿಯ ಹೊತ್ತಿಗೆ ಸಮಾಕಲನದ ಸಂದೇಹವನ್ನು ತಾನಾಗಿಯೇ ಎತ್ತುತ್ತಿದ್ದ.

ಊಟದ ವಿಷಯದಲ್ಲಿ ಶಾಕಾಹಾರಿಗಳು ಅಂಜಬೇಕಾಗಿಲ್ಲ. ಅಲ್ಲಿಯ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್ ಹಬ್ಬದ ಹಿಂದಿನ 55 ದಿನಗಳಲ್ಲಿ ಮಾಂಸವನ್ನಷ್ಟೇ ಅಲ್ಲ, ಹಾಲು ತುಪ್ಪವನ್ನೂ ಮುಟ್ಟುವುದಿಲ್ಲ. ಆಗ ಖಾನಾವಳಿಗಳಲ್ಲಿ ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಹುಳಿ ಬರಿಸಿ ಹೊಯ್ದ ಇಂಜೆರಾದ ಮೇಲೆ ಬೇಳೆ, ಕಾಯಿಪಲ್ಲೆ, ನಮ್ಮ ಝುಣಕದಂಥ ಶಿರೊ ಬಡಿಸುತ್ತಾರೆ. ಗುರೆಳ್ಳಂತೂ ಆ ನಾಡಿನದೇ ಬೆಳೆ. ನಮ್ಮ ರೊಟ್ಟಿಯ ಬಿಳಿಜೋಳದ ತವರು ಸಹ ಈಶಾನ್ಯ ಆಫ್ರಿಕಾ ಎಂಬುದನ್ನು ನೆನೆದಾಗ, ನಾವು ಅನ್ಯರ ಊರಿಗೆ ಬಂದಿದ್ದೇವೆಂಬ ಭಾವ ಬಹಳಷ್ಟು ಕಡಿಮೆಯಾಗುತ್ತದೆ.

ನಮಗಿಂತ ಮೊದಲೇ ಅಲ್ಲಿ ದಾರಿ ಮಾಡಿಟ್ಟವರನ್ನು ಇಲ್ಲಿ ಹೇಳದೆ ಬಿಡಲಾರೆ. 1941ರಲ್ಲಿ ಇಟಲಿಯ ಆಕ್ರಮಣದಿಂದ ದೇಶ ಬಿಡುಗಡೆಯಾದ ಬಳಿಕ ಶಾಲೆಗಳನ್ನು ಮತ್ತೆ ಕಟ್ಟಲು ಚಕ್ರವರ್ತಿ ಹೈಲೆ ಸೆಲಾಸಿ ಭಾರತದಿಂದ ಶಿಕ್ಷಕರನ್ನು ಕರೆಸಿಕೊಂಡರು. ಅವರಲ್ಲಿ ಅನೇಕರು ಕೇರಳದವರು, ದೂರದೂರದ ಸಣ್ಣ ಊರುಗಳಿಗೂ ಹೋಗಿ ನೆಲೆಸಿದವರು. ಕಾಫಿಗೆ ಕುಳಿತ ಮನೆಗಳಲ್ಲಿ ನಾನು ಭಾರತದವನೆಂದು ತಿಳಿದೊಡನೆ ಹಿರಿಯರು ತಮಗೆ ರಸಾಯನಶಾಸ್ತ್ರವನ್ನೋ ಬೀಜಗಣಿತವನ್ನೋ ಕಲಿಸಿದ ಭಾರತೀಯ ಮಾಸ್ತರರ ಹೆಸರನ್ನು ತಪ್ಪಿಲ್ಲದೆ ಹೇಳಿ, ಅವರು ಈಗ ಹೇಗಿದ್ದಾರೆಂದು ನನ್ನನ್ನೇ ವಿಚಾರಿಸುತ್ತಿದ್ದರು.

ನಮಸ್ಕಾರ.