ಮೆಲ್ಲಗೆ ನುಡಿಸಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಡಿಜಿಟಲ್ ಪಿಯಾನೊ ಕೊಳ್ಳಲು ಹೋದವರು ಸಾಮಾನ್ಯವಾಗಿ ಮೊದಲು ಡೆಮೊ ಬಟನ್ ಒತ್ತುತ್ತಾರೆ. ಇಲ್ಲವೇ ಗೊತ್ತಿರುವ ಯಾವುದೋ ಹಾಡನ್ನು ಜೋರಾಗಿ ನುಡಿಸುತ್ತಾರೆ. ಜೋರಾಗಿ ನುಡಿಸಿದರೆ ಹೆಚ್ಚುಕಡಿಮೆ ಎಲ್ಲ ಪಿಯಾನೊಗಳೂ ಚೆನ್ನಾಗಿಯೇ ಕೇಳಿಸುತ್ತವೆ. ಡೆಮೊ ಹಾಡನ್ನಂತೂ ಆ ಪಿಯಾನೊಗೆ ಒಪ್ಪುವಂತೆಯೇ ಆರಿಸಿ ಇಟ್ಟಿರುತ್ತಾರೆ. ಕಡಿಮೆ ಬೆಲೆಯ ಪಿಯಾನೊಗಳು ತಡವರಿಸುವುದು ಮೆಲ್ಲಗೆ ನುಡಿಸುವಾಗ. ಹಾಗಾಗಿ ಪರೀಕ್ಷೆ ಮಾಡಬೇಕಾದ್ದೂ ಅಲ್ಲೇ. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಪಿಯಾನೊವನ್ನು ರೂಪಿಸಿದರು. ಅದಕ್ಕೂ ಹಿಂದಿನ ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಮೀಟುವ ಏರ್ಪಾಡು. ಬೆರಳನ್ನು ಹೇಗೆ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ಪುಟ್ಟ ಸುತ್ತಿಗೆಗಳಿಂದ ತಂತಿಗೆ ಹೊಡೆಸಿದರು. ಮೆಲ್ಲಗೆ ಒತ್ತಿದರೆ ಮೆಲುದನಿ, ಬಲವಾಗಿ ಒತ್ತಿದರೆ ಗಟ್ಟಿ ದನಿ. ಪಿಯಾನೊದ ಜೀವವೇ ಈ ವ್ಯತ್ಯಾಸ.

ಡಿಜಿಟಲ್ ಪಿಯಾನೊದಲ್ಲಿ ತಂತಿ ಇಲ್ಲ. ಒಂದೊಂದು ಕೀಗೂ ಒಂದು ತೂಕದ ತುಂಡು ಜೋಡಿಸಿರುತ್ತಾರೆ. ಅದನ್ನೇ ಹ್ಯಾಮರ್ ಅನ್ನುವುದು. ಕೀ ಕೆಳಗಿಳಿಯುವಾಗ ಒಂದಾದ ಮೇಲೊಂದರಂತೆ ಎರಡು ಸೆನ್ಸರ್‌ಗಳು ತಾಗುತ್ತವೆ. ಅವೆರಡರ ನಡುವೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ವೇಗ ಸಿಗುತ್ತದೆ. ಆ ವೇಗ ಒಂದು ಸಂಖ್ಯೆಯಾಗುತ್ತದೆ. ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸಲು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಈ ಸಂಖ್ಯೆ 1ರಿಂದ 127ರವರೆಗೆ ಇರುತ್ತದೆ. ಸಂಖ್ಯೆಗೆ ತಕ್ಕ ದನಿಯನ್ನು ಒಳಗಿನ ಸಾಫ್ಟ್‌ವೇರ್ ಹೊರಡಿಸುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟ. ಟಚ್‌ಗೆ, ಅಂದರೆ ಕೀ ಬೆರಳಿಗೆ ಹೇಗನ್ನಿಸುತ್ತದೆ ಅನ್ನುವುದಕ್ಕೆ ಇಷ್ಟು ಅಂಕ, ಸೌಂಡ್‌ಗೆ ಇಷ್ಟು ಅಂಕ ಅಂತ ಬೇರೆ ಬೇರೆ ಕೊಡಲು ಬರುವುದಿಲ್ಲ. ಬೇಕಿದ್ದರೆ ಒಂದು ಪ್ರಯೋಗ ಮಾಡಿ. ವಾಲ್ಯೂಮ್ ತೀರಾ ಕಡಿಮೆ ಇಟ್ಟು ಸ್ವಲ್ಪ ಹೊತ್ತು ನುಡಿಸಿ. ಕೀಗಳು ಭಾರ ಅನ್ನಿಸುತ್ತವೆ. ಆಮೇಲೆ ವಾಲ್ಯೂಮ್ ಏರಿಸಿ. ಅದೇ ಕೀಗಳು ಹಗುರಾಗುತ್ತವೆ. ಯಂತ್ರದಲ್ಲಿ ಏನೂ ಬದಲಾಗಿಲ್ಲ. ಬೆರಳು ಎಷ್ಟು ಕೆಲಸ ಮಾಡಬೇಕು ಅಂತ ಹೇಳಿಕೊಡುವುದು ಕಿವಿ. ಅದಕ್ಕೇ ಎರಡು ಪಿಯಾನೊಗಳನ್ನು ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟಕ್ಕೆ ಬರುವಂತೆ ಮಾಡಿಕೊಳ್ಳಿ. ಇಲ್ಲದಿದ್ದರೆ ಜೋರಾಗಿರುವುದೇ ಒಳ್ಳೆಯದು ಅನ್ನಿಸಿಬಿಡುತ್ತದೆ.

ಆದರೂ ಒಂದೇ ಒಂದು ಪರೀಕ್ಷೆಯನ್ನು ಸದ್ದಿಲ್ಲದೆ ಮಾಡಬೇಕು. ಪಿಯಾನೊ ಆಫ್ ಮಾಡಿಸಿ, ಸುಮ್ನೆ ಕೀಗಳನ್ನು ಒತ್ತಿ. ಒಂದು ಕೀಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಳ್ಳಿ, ಎಷ್ಟು ಅಲ್ಲಾಡುತ್ತದೆ ನೋಡಿ. ತುಸು ಅಲ್ಲಾಡುವುದು ಸಹಜ. ಪಕ್ಕದ ಕೀಗೆ ತಾಗುವಷ್ಟು ಅಲ್ಲಾಡಿದರೆ ಬೇಡ. ಕೀ ತಳ ಮುಟ್ಟಿದಾಗ ಬರುವ ಸದ್ದು ಕೇಳಿ. ಮೆತ್ತನೆಯ ಸದ್ದಾದರೆ ಸರಿ. ಟಕ್ ಟಕ್ ಅಂತ ಪ್ಲಾಸ್ಟಿಕ್ ಬಡಿದಂತೆ ಕೇಳಿದರೆ, ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಅಭ್ಯಾಸ ಮಾಡುವಾಗ ಮನೆಯವರಿಗೆ ಕೇಳುವುದು ಆ ಸದ್ದೊಂದೇ. ಬೆರಳೆತ್ತಿದಾಗ ಕೀ ಎಷ್ಟು ಚುರುಕಾಗಿ ಮೇಲೆ ಬರುತ್ತದೆ ಅನ್ನುವುದನ್ನೂ ಗಮನಿಸಿ.

ಕೀ ಭಾರ ಇದ್ದಷ್ಟೂ ಒಳ್ಳೆಯದು, ಬೆರಳಿಗೆ ಬಲ ಬರುತ್ತದೆ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ನಾನು ಇದನ್ನು ಒಪ್ಪುವುದಿಲ್ಲ. ನಿಜವಾದ ಪಿಯಾನೊದಲ್ಲಿ ಕೀಯನ್ನು ಮೆಲ್ಲಗೆ ಕೆಳಗಿಳಿಸಲು ಸುಮಾರು 50 ಗ್ರಾಂ ತೂಕ ಸಾಕು. ಕೀ ಇಳಿಯುವ ಆಳ ಸುಮಾರು 10 ಮಿಲಿಮೀಟರ್. ಎಡಗಡೆಯ ಕೀಗಳು ತುಸು ಭಾರ, ಬಲಕ್ಕೆ ಹೋದ ಹಾಗೆ ಹಗುರ. ಒಳ್ಳೆಯ ಡಿಜಿಟಲ್ ಪಿಯಾನೊಗಳೂ ಇದನ್ನೇ ಅನುಸರಿಸುತ್ತವೆ. ಅತಿ ಭಾರದ ಕೀಗಳ ಮೇಲೆ ಕಲಿಯುವ ಮಕ್ಕಳು ಮಣಿಕಟ್ಟನ್ನು ಬಿಗಿಹಿಡಿಯುವುದನ್ನು ಕಲಿಯುತ್ತಾರೆ. ಆ ಅಭ್ಯಾಸ ಬಿಡಿಸುವುದು ಕಷ್ಟ.

ಭಾರಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕೀ ಒಂದು ಸನ್ನೆಕೋಲು. ಅದರ ಆಧಾರ ಬಿಂದು ಒಳಗೆ ಎಷ್ಟು ದೂರದಲ್ಲಿದೆ ಅನ್ನುವುದು ಬಹಳ ಮುಖ್ಯ. ತುದಿಯಿಂದ 20 ಸೆಂಟಿಮೀಟರ್ ದೂರದಲ್ಲಿ ಆಧಾರ ಇದೆ ಅಂದುಕೊಳ್ಳಿ. ಬೆರಳು ತುದಿ ಬಿಟ್ಟು 10 ಸೆಂಟಿಮೀಟರ್ ಒಳಗೆ ಹೋದರೆ ಒತ್ತಲು ಎರಡರಷ್ಟು ಬಲ ಬೇಕು. ಕೀ ಇಳಿಯುವುದೂ ಅರ್ಧದಷ್ಟೇ. ಆಧಾರ 25 ಸೆಂಟಿಮೀಟರ್ ದೂರದಲ್ಲಿದ್ದರೆ ಅದೇ ಜಾಗದಲ್ಲಿ ಒಂದೂಮುಕ್ಕಾಲು ಪಟ್ಟಿಗೂ ಕಡಿಮೆ ಬಲ ಸಾಕು. ತೆಳ್ಳಗಿನ, ಅಗಲ ಕಡಿಮೆಯ ಪಿಯಾನೊಗಳಲ್ಲಿ ಈ ಆಧಾರ ಹತ್ತಿರದಲ್ಲೇ ಇರುತ್ತದೆ, ಜಾಗ ಇಲ್ಲವಲ್ಲ. ಕರಿ ಕೀಗಳು ಜಾಸ್ತಿ ಬರುವ ಹಾಡುಗಳಲ್ಲಿ ಹೆಬ್ಬೆರಳು ಬಿಳಿ ಕೀಯ ಒಳಭಾಗಕ್ಕೇ ಬೀಳುತ್ತದೆ. ಅಲ್ಲಿ ಕೀ ಮೊಂಡು ಹಿಡಿದರೆ ಮೆಲುದನಿ ತರಲು ಆಗುವುದೇ ಇಲ್ಲ. ಒಂದೇ ಬಿಳಿ ಕೀಯನ್ನು ತುದಿಯಲ್ಲಿ, ನಡುವೆ, ಕರಿ ಕೀಗಳ ಮಧ್ಯೆ ಒಳಗೆ, ಹೀಗೆ ಮೂರು ಕಡೆ ಮೆಲ್ಲಗೆ ಒತ್ತಿ ನೋಡಿ. ವ್ಯತ್ಯಾಸ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಈಗ ಆನ್ ಮಾಡಿ. ರಿವರ್ಬ್ ಅನ್ನುವ ಗುಂಗು ಮೊದಲೇ ಸೇರಿಸಿದ್ದರೆ ತೆಗೆಸಿಬಿಡಿ. ಒಂದು ಕೀಯನ್ನು ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ ಒತ್ತಿ. ದನಿ ಬರಬಾರದು. ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿಸುತ್ತಾ ಹೋಗಿ. ಒಂದು ಹಂತದಲ್ಲಿ ದನಿ ಹೊರಡುತ್ತದೆ. ಅದು ಪಿಸುಮಾತಿನಂತೆ ಶುರುವಾಯಿತೋ ಅಥವಾ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಬಂತೋ? ಇದೇ ಜಾಗದಲ್ಲಿ ಐದು ಕೀಗಳನ್ನು ಐದು ಬೆರಳಿನಲ್ಲಿ ಒಂದೇ ಮೆಲುದನಿಯಲ್ಲಿ ನುಡಿಸಲು ಪ್ರಯತ್ನಿಸಿ. ಯಾವುದೋ ಒಂದು ಕೀ ನುಡಿಯದೇ ಹೋಗಬಹುದು, ಇನ್ನೊಂದು ಸಿಡಿಯಬಹುದು. ಬೆರಳು ಬದಲಿಸಿದರೂ ಅದೇ ಕೀ ಹಾಗೆಯೇ ಮಾಡಿದರೆ ತಪ್ಪು ಕೀಯದು. ಜೋಗುಳ ನುಡಿಸಲು ಬಾರದ ಪಿಯಾನೊದಲ್ಲಿ ಕಲಿಯುವವರು ಎಲ್ಲವನ್ನೂ ಗಟ್ಟಿಯಾಗಿ ನುಡಿಸುವುದನ್ನೇ ಕಲಿಯುತ್ತಾರೆ. ಅದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ಮೆಲುದನಿಯಿಂದ ಗಟ್ಟಿ ದನಿಗೆ ಹೋಗುವಾಗ ಇನ್ನೊಂದನ್ನು ಕೇಳಿಸಿಕೊಳ್ಳಿ. ನಿಜವಾದ ಪಿಯಾನೊದಲ್ಲಿ ಸುತ್ತಿಗೆಗೆ ಉಣ್ಣೆಯ ಫೆಲ್ಟ್ ಹೊದಿಸಿರುತ್ತಾರೆ. ಬಲವಾಗಿ ಹೊಡೆದಾಗ ಫೆಲ್ಟ್ ಅದುಮಿ ಗಡುಸಾಗುತ್ತದೆ. ಆಗ ಸದ್ದು ಹೆಚ್ಚುವುದರ ಜೊತೆಗೆ ದನಿಯ ಬಣ್ಣವೂ ತೆರೆದುಕೊಳ್ಳುತ್ತದೆ, ಹೊಳಪು ಬರುತ್ತದೆ. ಡಿಜಿಟಲ್ ಪಿಯಾನೊದಲ್ಲಿ ಇದಕ್ಕಾಗಿ ಒಂದೇ ಸ್ವರವನ್ನು ಹಲವು ಬಲಗಳಲ್ಲಿ ನುಡಿಸಿ ಧ್ವನಿಮುದ್ರಿಸಿರುತ್ತಾರೆ. ಅಗ್ಗದ ಮಾದರಿಗಳಲ್ಲಿ ಈ ಪದರಗಳು ಕಡಿಮೆ. ಹಾಗಾಗಿ ಒಂದೋ ಬಣ್ಣ ಬದಲಾಗದೆ ಬರೀ ವಾಲ್ಯೂಮ್ ಏರುತ್ತದೆ, ಇಲ್ಲವೇ ಒಂದು ಕಡೆ ಮೆಟ್ಟಿಲು ಹತ್ತಿದ ಹಾಗೆ ದನಿ ಹಾರುತ್ತದೆ. ಕೀಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನುಡಿಸುತ್ತಾ ಹೋದರೂ ಇಂಥ ಹಾರಿಕೆ ಸಿಗಬಹುದು. ಒಂದೇ ಧ್ವನಿಮುದ್ರಣವನ್ನು ಎಳೆದು ಅಕ್ಕಪಕ್ಕದ ಸ್ವರಗಳಿಗೂ ಬಳಸಿದ್ದಾರೆ ಅಂತ ಅರ್ಥ.

ಆಮೇಲೆ ಎಡಗಡೆಯ ಒಂದು ಕೀಯನ್ನು ಒತ್ತಿ ಹಿಡಿದುಕೊಂಡೇ ಇರಿ. ಮಾತಾಡಬೇಡಿ, ಕೇಳಿ. ನಿಜವಾದ ಪಿಯಾನೊದಲ್ಲಿ ದನಿ ಮೊದಲು ಬೇಗ ಇಳಿದು, ಆಮೇಲೆ ಬಹಳ ಹೊತ್ತು ತೆಳುವಾಗಿ ಉಳಿಯುತ್ತದೆ. ಆ ಉಳಿಕೆ ಬೇಗನೆ ಸತ್ತುಹೋದರೆ, ಇಲ್ಲವೇ ಒಂದೇ ತುಣುಕು ಮತ್ತೆ ಮತ್ತೆ ಸುತ್ತುತ್ತಿರುವುದು ಗೊತ್ತಾದರೆ, ನಿಧಾನದ ಹಾಡುಗಳಲ್ಲಿ ಅದು ಕಿವಿಗೆ ಹೊಡೆಯುತ್ತದೆ.

ಒಂದೇ ಸ್ವರವನ್ನು ಬೇಗ ಬೇಗ ನುಡಿಸುವ ವಿಷಯಕ್ಕೆ ಬರೋಣ. ಎರಡು ಸೆನ್ಸರ್ ಇದ್ದರೆ ಕೀ ಹೆಚ್ಚುಕಡಿಮೆ ಪೂರ್ತಿ ಮೇಲೆ ಬಂದ ಮೇಲೆಯೇ ಮತ್ತೆ ನುಡಿಯುತ್ತದೆ. ಮೂರನೆಯದು ಇದ್ದರೆ ಅರ್ಧ ಎದ್ದ ಕೀಯೂ ನುಡಿಯುತ್ತದೆ. ತಂತಿಗಳನ್ನು ಅಡ್ಡಲಾಗಿ ಹಾಸಿದ ಗ್ರ್ಯಾಂಡ್ ಪಿಯಾನೊದಲ್ಲಿ ಈ ಅನುಕೂಲಕ್ಕೆ ಪಿಯಾನೊ ತಯಾರಕ ಸೆಬಾಸ್ಟಿಯನ್ ಎರಾರ್ 1821ರಲ್ಲೇ ಪೇಟೆಂಟ್ ಪಡೆದಿದ್ದರು. ಆರಂಭದ ಹಂತದ ಮಾದರಿಗಳಲ್ಲೇ ರೋಲ್ಯಾಂಡ್ ಎಫ್‌ಪಿ-10ರಲ್ಲಿ ಮೂರು ಸೆನ್ಸರ್‌ಗಳಿವೆ, ಯಮಹಾ ಪಿ-45ರಲ್ಲಿ ಎರಡು. ಹಾಗಂತ ಎರಡಿದ್ದರೆ ಕೀಳು ಅಂತ ತಳ್ಳಿಹಾಕಬೇಕಿಲ್ಲ. ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೊಗಳಲ್ಲೂ ಸಾಮಾನ್ಯವಾಗಿ ಎರಾರ್ ಅವರ ಏರ್ಪಾಡು ಇರುವುದಿಲ್ಲ, ಅವುಗಳ ಮೇಲೆ ಕಲಿತು ದೊಡ್ಡವರಾದವರು ಎಷ್ಟೋ ಜನ. ಎರಡು ಬೆರಳು ಬದಲಿಸುತ್ತಾ ಒಂದೇ ಕೀಯನ್ನು ನುಡಿಸಿ ನೋಡಿ. ಸ್ವರ ತಪ್ಪದಿದ್ದರೆ ಕಲಿಯುವವರಿಗೆ ಸಾಕು.

ಪಾಲಿಫೊನಿ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಒಟ್ಟಿಗೆ ಎಷ್ಟು ದನಿಗಳು ಉಳಿಯಬಲ್ಲವು ಅನ್ನುವ ಲೆಕ್ಕ ಅದು. ದನಿಯನ್ನು ಉಳಿಸುವ ಕಾಲಿನ ಪೆಡಲ್ ಒತ್ತಿ ಹಿಡಿದು ಎಡಗಡೆ ಒಂದು ಸ್ವರ ನುಡಿಸಿ, ಆಮೇಲೆ ಬಲಗಡೆ ಸ್ವರಗಳ ಸುರಿಮಳೆ ಮಾಡಿ. ಮೊದಲ ಸ್ವರ ತುಂಡಾಗಿ ಮಾಯವಾಗದಿದ್ದರೆ ಆಯಿತು. ಜೊತೆಗೆ ಕೊಡುವ ಚೌಕದ ಪೆಡಲ್ ಬರೀ ಒಂದು ಸ್ವಿಚ್. ಅರ್ಧ ಮಾತ್ರ ಒತ್ತಿದ್ದನ್ನೂ ಗುರುತಿಸುವ ಪೆಡಲನ್ನು ಮುಂದೆ ಹಾಕಿಕೊಳ್ಳಲು ಬರುತ್ತದಾ ಅಂತ ಮಾತ್ರ ಕೇಳಿಕೊಳ್ಳಿ.

ಸ್ಪೀಕರ್ ವಿಷಯದಲ್ಲಿ ಸ್ವಲ್ಪ ಉದಾರವಾಗಿರಿ. 88 ಕೀಗಳ ಪೈಕಿ ಎಡತುದಿಯ ಸ್ವರದ ಕಂಪನ ಸೆಕೆಂಡಿಗೆ 27.5. ಸಣ್ಣ ಸ್ಪೀಕರ್‌ಗಳು ಅಷ್ಟು ಕೆಳಗಿನ ಕಂಪನವನ್ನು ಹೊರಡಿಸಲಾರವು. ಮೇಲಿನ ಉಪಸ್ವರಗಳಿಂದ ಕಿವಿಯೇ ಅದನ್ನು ತುಂಬಿಕೊಳ್ಳುತ್ತದೆ. ಅದೇ ಪಿಯಾನೊ ಹೆಡ್‌ಫೋನ್‌ನಲ್ಲಿ ಬೇರೆಯೇ ವಾದ್ಯದ ಹಾಗೆ ಕೇಳಿಸಬಹುದು.

ಕೊನೆಗೆ ಎರಡು ಪಿಯಾನೊ ಉಳಿದವು ಅಂದುಕೊಳ್ಳಿ. ಒಂದರ ಕೀ ಚೆನ್ನ, ಇನ್ನೊಂದರ ದನಿ ಚೆನ್ನ. ನಾನಾದರೆ ಕೀ ಚೆನ್ನಾಗಿರುವುದನ್ನೇ ಆರಿಸುತ್ತೇನೆ. ದನಿಯನ್ನು ಮುಂದೆ ಸುಧಾರಿಸಿಕೊಳ್ಳಬಹುದು. ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ ಅದರಲ್ಲಿನ ಪಿಯಾನೊ ಸಾಫ್ಟ್‌ವೇರ್ ನುಡಿಸಬಹುದು. ಮೆನುವಿನಲ್ಲಿ ಟಚ್ ಅನ್ನುವ ಸೆಟ್ಟಿಂಗ್ ಇರುತ್ತದೆ, ಬೆರಳಿಗೂ ದನಿಗೂ ಇರುವ ಹೊಂದಾಣಿಕೆಯನ್ನು ಅಲ್ಲಿ ತುಸು ತಿದ್ದಬಹುದು. ಕೀಗಳ ಕೆಳಗಿನ ಯಂತ್ರವನ್ನು ಮಾತ್ರ ಬದಲಿಸಲು ಆಗುವುದಿಲ್ಲ.

ನೋಡಲು ಹೋಗುವಾಗ ನಿಮ್ಮದೇ ತಂತಿಯ ಹೆಡ್‌ಫೋನ್ ಜೊತೆಗಿರಲಿ. ಬ್ಲೂಟೂತ್‌ನದ್ದು ಬೇಡ, ದನಿ ತಡವಾಗಿ ಬರುತ್ತದೆ. ಕೆಲವು ಪಿಯಾನೊಗಳಲ್ಲಿ ಹೆಡ್‌ಫೋನ್ ಚುಚ್ಚುವ ಜಾಗ ದೊಡ್ಡದು, 6.3 ಮಿಲಿಮೀಟರ್. ಅದಕ್ಕೊಂದು ಅಡಾಪ್ಟರನ್ನೂ ಇಟ್ಟುಕೊಳ್ಳಿ. ನಮಸ್ಕಾರ.