ಭಯ ಹೋಗ್ಲಿ ಅಂತ ಕಾಯ್ತಾ ಕೂತ್ರೆ ಆಗಲ್ಲ

ಎಲ್ಲರಿಗೂ ನಮಸ್ಕಾರ. ಧೈರ್ಯ, ಆಶಾವಾದ, ತೃಪ್ತಿ, ಮೂರರ ಬಗ್ಗೆನೂ ಮಾತಾಡಿ ಅಂದಿದಾರೆ. ಇಂಥ ಟಾಪಿಕ್ ಕೊಟ್ರೆ ಸಾಮಾನ್ಯವಾಗಿ ಏನಾಗುತ್ತೆ ನಿಮಗೂ ಗೊತ್ತು, ಪಾಸಿಟಿವ್ ಆಗಿ ಯೋಚನೆ ಮಾಡಿ ಎಲ್ಲಾ ಒಳ್ಳೇದಾಗುತ್ತೆ ಅಂತ ಹೇಳಿ ಚಪ್ಪಾಳೆ ಹೊಡೆಸಿ ಮನೆಗೆ ಕಳಿಸಿಬಿಡ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಗೇಬ್ರಿಯೆಲ್ ಒಟಿಂಗೆನ್ ಅನ್ನೋ ಸೈಕಾಲಜಿಸ್ಟ್ ತೂಕ ಇಳಿಸ್ಬೇಕು ಅಂತ ಹೊರಟ ಹೆಂಗಸರನ್ನ ಸ್ಟಡಿ ಮಾಡಿದ್ರು. ನನ್ನಿಂದ ಆಗುತ್ತೆ ಅಂತ ನಂಬಿದ್ದೋರು ಜಾಸ್ತಿ ಇಳಿಸಿದ್ರು, ಸರಿ, ಆದ್ರೆ ತೆಳ್ಳಗಾದ ಮೇಲೆ ಹೇಗೆ ಕಾಣ್ತೀನಿ ಅಂತ ಚಂದಚಂದವಾಗಿ ಕನಸು ಕಂಡೋರು ಕಮ್ಮಿ ಇಳಿಸಿದ್ರು! ಕನಸಲ್ಲೇ ಕೆಲಸ ಮುಗಿದುಹೋದ ಹಾಗೆ ಆಗುತ್ತೋ ಏನೋ.

ಹಾಗಾದ್ರೆ ಆಶಾವಾದ ಅಂದ್ರೆ ಹೇಗಿರುತ್ತೆ? ದಕ್ಷಿಣ ಧ್ರುವದ ಕಡೆ ಸಾಹಸಯಾತ್ರೆ ಮಾಡ್ತಿದ್ದ ಶ್ಯಾಕಲ್ಟನ್ ಹೆಸರು ಕೇಳಿರ್ತೀರಿ. 1914ರಲ್ಲಿ ಅಂಟಾರ್ಕ್ಟಿಕಾಗೆ ಹೊರಟ ಅವರ ಹಡಗು ಹಿಮದಲ್ಲಿ ಸಿಕ್ಕಾಕೊಂಡು 1915ರಲ್ಲಿ ನುಚ್ಚಾಗಿ ಮುಳುಗಿಹೋಯ್ತು, ಇದ್ದಿದ್ದು 28 ಜನ. ಹೇಗೋ ಎಲಿಫೆಂಟ್ ದ್ವೀಪ ಮುಟ್ಟಿದ್ರು, ಅಲ್ಲಿಂದ ಶ್ಯಾಕಲ್ಟನ್ ಐದು ಜನರನ್ನ ಕರ್ಕೊಂಡು ಸಣ್ಣ ದೋಣಿಯಲ್ಲಿ ಸಹಾಯ ತರೋಕೆ ಹೋದ್ರು. ಉಳಿದ 22 ಜನ ಎರಡು ದೋಣಿ ಮಗುಚಿ ಹಾಕಿ ಅದರ ಕೆಳಗೆ ನಾಲ್ಕು ತಿಂಗಳ ಮೇಲೆ ಇದ್ರು, ಪೆಂಗ್ವಿನ್ ಸೀಲ್ ತಿಂದ್ಕೊಂಡು. ಅವರನ್ನ ನೋಡ್ಕೊಂಡಿದ್ದು ಫ್ರಾಂಕ್ ವೈಲ್ಡ್. ದಿನಾ ಬೆಳಗ್ಗೆ ಆ ಮನುಷ್ಯ ಹಾಸಿಗೆ ಸುತ್ಕೊಳ್ರಪ್ಪ, ಬಾಸ್ ಇವತ್ತು ಬಂದ್ರೂ ಬರಬಹುದು ಅಂತಿದ್ರಂತೆ. ಖಂಡಿತ ಬರ್ತಾರೆ ಅಂತ ಯಾರಿಗೂ ಪ್ರಾಮಿಸ್ ಮಾಡ್ಲಿಲ್ಲ ನೋಡಿ, ಹಾಸಿಗೆ ಮಾತ್ರ ಸುತ್ತಿಸಿದ್ರು. ಆ ಕಡೆ ಶ್ಯಾಕಲ್ಟನ್ ಮೂರು ಸಲ ಹೊರಟು ಹಿಮ ಅಡ್ಡ ಬಂದು ವಾಪಸ್ ಹೋಗಿ, ನಾಲ್ಕನೇ ಸಲ, 1916ರ ಆಗಸ್ಟ್ 30ಕ್ಕೆ ಬಂದ್ರು. 22 ಜನಾನೂ ಬದುಕಿದ್ರು.

ಈಗ ಧೈರ್ಯದ ವಿಷಯ. 1967ರಲ್ಲಿ ಸೆಲಿಗ್‌ಮನ್, ಮೇಯರ್ ಅನ್ನೋ ಇಬ್ಬರು ಸೈಕಾಲಜಿಸ್ಟ್‌ಗಳು ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು, ಕ್ರೂರವಾದ್ದೇ, ಇವತ್ತು ಯಾರೂ ಒಪ್ಪಲ್ಲ. ಏನು ಮಾಡಿದ್ರೂ ನಿಲ್ಲದ ಶಾಕ್ ತಿಂದ ನಾಯಿಗಳು ಆಮೇಲೆ ತಪ್ಪಿಸ್ಕೊಳ್ಳೋಕೆ ದಾರಿ ಇದ್ರೂ ಸುಮ್ಮನೆ ಮಲಗಿಬಿಟ್ವು. ಪಾಪ, ಅವು ಅಸಹಾಯಕತೆ ಕಲಿತುಬಿಟ್ವು ಅಂತ ಆಗ ಅಂದ್ಕೊಂಡ್ರು. ಸುಮಾರು 50 ವರ್ಷ ಆದ್ಮೇಲೆ, 2016ರಲ್ಲಿ, ಅವರೇ ಇಬ್ಬರೂ ಬರೆದ್ರು, ನಾವು ಉಲ್ಟಾ ತಿಳ್ಕೊಂಡಿದ್ವಿ ಅಂತ. ಕಷ್ಟ ತುಂಬಾ ದಿನ ಎಳೆದ್ರೆ ಕೈಚೆಲ್ಲಿ ಕೂರೋದು ಮೆದುಳಿನ ಹುಟ್ಟುಗುಣ, ಅದನ್ನ ಯಾರೂ ಕಲೀಬೇಕಾಗಿಲ್ಲ, ಕಲೀಬೇಕಾಗಿರೋದು ನನ್ನ ಕೈಯಲ್ಲಿ ಏನೋ ಆಗುತ್ತೆ ಅನ್ನೋದನ್ನ. ನನಗಂತೂ ಇದು ದೊಡ್ಡ ಸಮಾಧಾನ ಕೊಡ್ತು. ಸೋತು ಮಂಚ ಹಿಡಿದೋರನ್ನ ಹೇಡಿ ಅನ್ನೋಕೆ ಇನ್ಮೇಲೆ ಬಾಯಿ ಬರಲ್ಲ.

ಆ ನಾಯಿಗಳು ಚೇತರಿಸಿಕೊಂಡಿದ್ದು ಹೇಗೆ ಗೊತ್ತಾ? ಹುರಿದುಂಬಿಸಿದ್ರಿಂದ ಅಲ್ಲ. ಹಗ್ಗ ಹಿಡಿದು ಶಾಕ್ ಇಲ್ಲದ ಕಡೆಗೆ ಎಳೆದ್ರು, ಮತ್ತೆ ಮತ್ತೆ ಎಳೆದ್ರು, ಮೊದಮೊದಲು ಪೂರ್ತಿ ಭಾರ ಬಿಡ್ತಿದ್ದವು ಬರ್ತಾ ಬರ್ತಾ ತಾವೇ ಹೆಜ್ಜೆ ಹಾಕೋಕೆ ಶುರು ಮಾಡಿದ್ವು. ಅಂದ್ರೆ ಕಾಲು ಮೊದಲು ಹೋಯ್ತು, ನಂಬಿಕೆ ಹಿಂದಿಂದ ಬಂತು.

ತೃಪ್ತಿ ಬಗ್ಗೆ ಜಾಸ್ತಿ ಹೇಳಲ್ಲ, 1938ರಿಂದ ಹಾರ್ವರ್ಡ್‌ನೋರು ಕೆಲವರ ಇಡೀ ಜೀವನಾನೇ ಫಾಲೋ ಮಾಡ್ತಾ ಬಂದಿದಾರೆ, ಅದರಲ್ಲಿ ದುಡ್ಡು ಹೆಸರಿಗಿಂತ ಹತ್ತಿರದ ಸಂಬಂಧಗಳು ಚೆನ್ನಾಗಿರೋರೇ ವಯಸ್ಸಾದ ಮೇಲೂ ಗಟ್ಟಿಮುಟ್ಟಾಗಿ ಖುಷಿಯಾಗಿದ್ರು. ನನ್ನ ಪ್ರಕಾರ ಎಳೆಯೋಕೆ ಒಂದು ಕೈ ಇರೋದು ಅಂದ್ರೆ ಇದೇ. ನಿಮಗೆ ಗೊತ್ತಿರೋರು ಯಾರಾದ್ರೂ ಹಾಗೆ ಕೈಚೆಲ್ಲಿ ಕೂತಿದ್ರೆ ಬರೀ ಧೈರ್ಯ ಹೇಳಿ ಬರಬೇಡಿ, ನಾಳೆ ಬೆಳಗ್ಗೆ ಬರ್ತೀನಿ ರೆಡಿಯಾಗಿರು, ಡಾಕ್ಟರ್ ಹತ್ರ ಹೋಗೋದಿದ್ರೆ ಜೊತೆಗೇ ಹೋಗೋಣ ಅನ್ನಿ, ಅಂದಮೇಲೆ ಹೋಗಿ.

ಟೈಮ್ ಆಯ್ತು ಅಂತ ಚೀಟಿ ಬಂದಿದೆ. ಪ್ರಶ್ನೆ ಇದ್ರೆ ಕೇಳಿ, ಹಿಂದಿನ ಸಾಲಿನೋರು ಮೊದಲು.